ಕೆನಡಾದಲ್ಲಿರುವ ಕನ್ನಡದವರಿಗೆ: ರೆಸಿಡೆನ್ಶಿಯಲ್ ಶಾಲೆಗಳ ವಿಷಯ ತಿಳಿದುಕೊಳ್ಳುವುದು, ಮಕ್ಕಳಿಗೆ ಹೇಳುವುದು ಹೇಗೆ?

ಸೆಪ್ಟೆಂಬರ್ ಕೊನೆಗೆ ಮಕ್ಕಳ ಶಾಲೆಯಿಂದ ಮೆಸೇಜ್ ಬರುತ್ತದೆ, 30ನೇ ತಾರೀಖು ಕಿತ್ತಳೆ ಬಣ್ಣದ ಶರ್ಟ್ ಹಾಕಿ ಕಳಿಸಿ ಅಂತ. ಅಂಗಡಿಗೆ ಓಡಿ ಒಂದು ಟೀ ಶರ್ಟ್ ತರುತ್ತೇವೆ, ಅಲ್ಲಿಗೆ ಮುಗಿಯಿತು. ಮಗು ಯಾಕೆ ಅಂತ ಕೇಳಿದರೆ ನಮ್ಮಲ್ಲಿ ಎಷ್ಟೋ ಜನರ ಹತ್ತಿರ ಉತ್ತರ ಇಲ್ಲ. ಆ ಶರ್ಟಿನ ಹಿಂದಿರುವುದು ಇಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಬಿಡಿಸಿ ಹಾಕುತ್ತಿದ್ದ ರೆಸಿಡೆನ್ಶಿಯಲ್ ಶಾಲೆಗಳ ಕಥೆ. ಈ ನೆಲದಲ್ಲಿ ಮನೆ ಮಾಡಿಕೊಂಡವರಿಗೆ ಆ ಉತ್ತರ ಗೊತ್ತಿರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ತಲೆಯಲ್ಲಿರುವ ಹಾಸ್ಟೆಲ್ ಚಿತ್ರ ತೆಗೆದುಹಾಕಿ. ವಸತಿ ಶಾಲೆ ಅಂದ ತಕ್ಷಣ ನಮಗೆ ನವೋದಯ, ಮೊರಾರ್ಜಿ ದೇಸಾಯಿ ಶಾಲೆಗಳು ನೆನಪಾಗುತ್ತವೆ. ಸೀಟು ಸಿಗಲಿ ಅಂತ ಪರೀಕ್ಷೆ ಬರೆಸಿ, ಹರಕೆ ಹೊತ್ತು ಕಳಿಸುವ ಶಾಲೆಗಳು ಅವು. ಇಲ್ಲಿ ನಡೆದದ್ದು ಪೂರ್ತಿ ಬೇರೆ. ಹಣ ಸರ್ಕಾರದ್ದು, ನಡೆಸಿದ್ದು ಚರ್ಚುಗಳು. 1920ರಲ್ಲಿ ಕಾನೂನು ಬಿಗಿಯಾದ ಮೇಲೆ, ಮಕ್ಕಳನ್ನು ಕಳಿಸದ ಅಪ್ಪ ಅಮ್ಮನಿಗೆ ದಂಡವೋ ಜೈಲೋ ಆಗಬಹುದಿತ್ತು. ಮಗುವನ್ನು ಮನೆಯಿಂದ, ಮಾತಿನಿಂದ, ಆಚರಣೆಯಿಂದ ಬಿಡಿಸಿಬಿಟ್ಟರೆ ಮುಂದೆ ಆ ಜನಾಂಗವೇ ಉಳಿಯುವುದಿಲ್ಲ ಎಂಬ ಲೆಕ್ಕಾಚಾರ ಅದು, ಅದನ್ನು ಯಾರೂ ಮುಚ್ಚಿಡಲೂ ಇಲ್ಲ. ಫರ್ಸ್ಟ್ ನೇಷನ್ಸ್, ಇನುಯಿಟ್, ಮೇಟಿ ಎಂಬ ಮೂಲನಿವಾಸಿ ಸಮುದಾಯಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಇದರೊಳಗೆ ಹಾದುಹೋದರು. ಬಂದ ಕೂಡಲೇ ಜಡೆ ಕತ್ತರಿಸುತ್ತಿದ್ದರು. ಎಷ್ಟೋ ಕಡೆ ಹೆಸರಿನ ಬದಲು ನಂಬರ್. ತಮ್ಮ ಭಾಷೆ ಆಡಿದರೆ ಹೊಡೆತ. ಲೈಂಗಿಕ ದೌರ್ಜನ್ಯವೂ ನಡೆಯಿತು, ಒಂದೆರಡು ಕಡೆ ಅಲ್ಲ. ಕ್ಷಯರೋಗದಿಂದ ಮಕ್ಕಳು ಸಾಯುತ್ತಿದ್ದಾರೆ ಅಂತ ಸರ್ಕಾರದ್ದೇ ವೈದ್ಯ ಪೀಟರ್ ಬ್ರೈಸ್ 1907ರಲ್ಲೇ ವರದಿ ಕೊಟ್ಟರು. ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ.

"ಅದೆಲ್ಲ ಹಳೇ ಕಾಲದ್ದು ಬಿಡಿ" ಅನ್ನುವವರಿಗಾಗಿ ಒಂದೆರಡು ಇಸವಿ ನೆನಪಿಟ್ಟುಕೊಳ್ಳಿ. ಸಸ್ಕಾಚೆವಾನ್‌ನ ಗಾರ್ಡನ್ಸ್ ಶಾಲೆ ಮುಚ್ಚಿದ್ದು 1996ರಲ್ಲಿ. ರ‍್ಯಾಂಕಿನ್ ಇನ್ಲೆಟ್‌ನ ಕಿವಲ್ಲಿಕ್ ಹಾಲ್ ವಸತಿನಿಲಯ ಮುಚ್ಚಿದ್ದು 1997ರಲ್ಲಿ. ಅಂದರೆ ಅಲ್ಲಿ ಕೊನೆಗೆ ಓದಿದವರು ಈಗ ನಮ್ಮ ನಿಮ್ಮ ವಯಸ್ಸಿನವರು.

ಇನ್ನು ಮುಖ್ಯವಾದದ್ದು. ಶಾಲೆ ಮುಚ್ಚಿ ಇಷ್ಟು ವರ್ಷವಾದರೂ ಪರಿಣಾಮ ಯಾಕೆ ಉಳಿದಿದೆ ಅಂತ ಅರ್ಥ ಮಾಡಿಕೊಳ್ಳೋಕೆ ಒಂದೇ ಒಂದು ಮನೆಯನ್ನು ಕಲ್ಪಿಸಿಕೊಂಡು ನೋಡಿ. ಆರು ವರ್ಷಕ್ಕೆ ಕರೆದುಕೊಂಡು ಹೋದ ಹುಡುಗಿ ಹದಿನಾರಕ್ಕೆ ವಾಪಸ್ ಬರುತ್ತಾಳೆ. ಅಜ್ಜಿ ಆಡುವ ಮಾತು ಅವಳಿಗೆ ಅರ್ಥವಾಗುವುದಿಲ್ಲ. ಅವಳನ್ನು ಎತ್ತಿ ಮುದ್ದಾಡಿದವರಿಲ್ಲ, ಜ್ವರ ಬಂದಾಗ ಪಕ್ಕದಲ್ಲಿ ಕೂತವರಿಲ್ಲ, ತಪ್ಪು ಮಾಡಿದಾಗ ಹೊಡೆಯದೆ ತಿದ್ದಿದವರಿಲ್ಲ. ಮುಂದೆ ಅವಳಿಗೇ ಮಗುವಾದಾಗ ಏನು ಮಾಡಬೇಕು ಅಂತ ಯಾರನ್ನು ನೋಡಿ ಕಲಿತಿರುತ್ತಾಳೆ? ನೋವು ಮರೆಯೋಕೆ ಕುಡಿತ ಹಿಡಿದವರಿದ್ದಾರೆ. ಮಕ್ಕಳ ಹತ್ತಿರ ಒಂದು ಮಾತೂ ಹೇಳದೆ ಜೀವನ ಕಳೆದವರಿದ್ದಾರೆ. ಆಗ ಮಕ್ಕಳ ರಕ್ಷಣಾ ಇಲಾಖೆಯವರು ಬಂದು, ಈ ಮನೆ ಸರಿಯಿಲ್ಲ ಅಂತ ಆ ಮಗುವನ್ನೂ ಎತ್ತಿಕೊಂಡು ಹೋಗುತ್ತಾರೆ. 1960ರ ದಶಕದಲ್ಲಿ ಇದು ಎಷ್ಟು ಜೋರಾಗಿ ನಡೆಯಿತು ಅಂದರೆ ಅದಕ್ಕೆ 'ಸಿಕ್ಸ್ಟೀಸ್ ಸ್ಕೂಪ್' ಅಂತ ಹೆಸರೇ ಬಿತ್ತು. ಈಗಲೂ ನಿಂತಿಲ್ಲ. 2021ರ ಜನಗಣತಿ ಪ್ರಕಾರ, 14 ವರ್ಷದವರೆಗಿನ ಮಕ್ಕಳಲ್ಲಿ ಈ ಸಮುದಾಯಗಳವರು 7.7%. ಫಾಸ್ಟರ್ ಮನೆಗಳಲ್ಲಿರುವ, ಅಂದರೆ ಹೆತ್ತವರಿಂದ ಬಿಡಿಸಿ ಬೇರೆಯವರ ಮನೆಯಲ್ಲಿ ಸಾಕಲು ಬಿಟ್ಟ ಮಕ್ಕಳಲ್ಲಿ ಮಾತ್ರ 53.8%. ರಿಸರ್ವ್‌ಗಳ, ಅಂದರೆ ಫರ್ಸ್ಟ್ ನೇಷನ್ಸ್ ಜನರಿಗೆ ಮೀಸಲಿಟ್ಟ ಜಾಗಗಳ, ಮಕ್ಕಳ ಸೇವೆಗೆ ಸರ್ಕಾರ ಕಡಿಮೆ ದುಡ್ಡು ಕೊಟ್ಟು ತಾರತಮ್ಯ ಮಾಡಿದೆ ಅಂತ 2016ರಲ್ಲಿ ಕೆನಡಾದ ಮಾನವ ಹಕ್ಕುಗಳ ನ್ಯಾಯಮಂಡಳಿಯೇ ಹೇಳಿತು. ಒಂದೇ ಮನೆಯ ಎಷ್ಟು ತಲೆಮಾರು ಆ ಶಾಲೆಗಳಿಗೆ ಹೋಗಿತ್ತೋ, ಈಗಿನವರ ಮಾನಸಿಕ ಯಾತನೆ ಅಷ್ಟು ಜಾಸ್ತಿ ಅಂತ ಅಧ್ಯಯನಗಳೂ ತೋರಿಸಿವೆ. ಆಸ್ಪತ್ರೆ, ಶಾಲೆ, ಪೊಲೀಸ್ ಕಂಡರೆ ಅವರಿಗೆ ನಂಬಿಕೆ ಬರುವುದಿಲ್ಲ ಯಾಕೆ ಅನ್ನೋದಕ್ಕೂ ಉತ್ತರ ಇದರಲ್ಲೇ ಇದೆ, ಅಲ್ವಾ?

ಮಕ್ಕಳಿಗೆ ವಯಸ್ಸು ನೋಡಿ ಹೇಳಿ. ಪುಟ್ಟವರಿಗೆ ಫಿಲಿಸ್ ವೆಬ್‌ಸ್ಟಾಡ್ ಕಥೆ ಸಾಕು. 1973ರಲ್ಲಿ ಬ್ರಿಟಿಷ್ ಕೊಲಂಬಿಯಾದ ಒಂದು ಶಾಲೆಗೆ ಆರು ವರ್ಷದ ಹುಡುಗಿ ಅಜ್ಜಿ ಕೊಡಿಸಿದ ಹೊಸ ಕಿತ್ತಳೆ ಶರ್ಟ್ ಹಾಕಿಕೊಂಡು ಹೋದಳು, ಮೊದಲ ದಿನವೇ ಅದನ್ನು ಕಿತ್ತುಕೊಂಡರು, ಮತ್ತೆ ಕೊಡಲಿಲ್ಲ. ಶರ್ಟಿನ ದಿನ ಹುಟ್ಟಿದ್ದು ಅವರಿಂದಲೇ. ಸ್ವಲ್ಪ ದೊಡ್ಡವರಿಗೆ ಚಾನಿ ವೆಂಜ್ಯಾಕ್ ವಿಷಯ ಹೇಳಬಹುದು. 12 ವರ್ಷದ ಹುಡುಗ, 1966ರ ಅಕ್ಟೋಬರ್‌ನಲ್ಲಿ ಕೆನೋರಾದ ಶಾಲೆಯಿಂದ ತಪ್ಪಿಸಿಕೊಂಡು, ಸುಮಾರು 600 ಕಿಲೋಮೀಟರ್ ದೂರದ ಮನೆಗೆ ರೈಲು ಹಳಿ ಹಿಡಿದು ನಡೆಯುತ್ತಾ ಚಳಿಗೆ ಸಿಕ್ಕಿ ಸತ್ತ. ಹೇಳುವಾಗ "ಪಾಪ" ಅಂತ ನಿಲ್ಲಿಸಬೇಡಿ. ಈಗ ತಮ್ಮ ಭಾಷೆಯನ್ನು ಮತ್ತೆ ಕಲಿಸುತ್ತಿರುವವರು, ವಕೀಲರು, ಕಲಾವಿದರು ಇದ್ದಾರೆ ಅನ್ನೋದನ್ನೂ ಹೇಳಿ. ಈ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಸತ್ಯ ಮತ್ತು ಸಂಧಾನ ಆಯೋಗದ ಅಧ್ಯಕ್ಷರಾಗಿದ್ದ ಮರ‍್ರೆ ಸಿಂಕ್ಲೇರ್ (2024ರಲ್ಲಿ ತೀರಿಕೊಂಡರು) ಮೂಲನಿವಾಸಿ ಸಮುದಾಯದವರೇ, ನ್ಯಾಯಾಧೀಶರಾಗಿದ್ದವರು. ಆ ಆಯೋಗ 2015ರಲ್ಲಿ ಇದನ್ನು 'ಸಾಂಸ್ಕೃತಿಕ ನರಮೇಧ' ಅಂತ ಕರೆದು 94 ಶಿಫಾರಸು ಕೊಟ್ಟಿತು. ಕೊನೆಯ ಎರಡು ವಲಸೆ ಬಂದ ನಮಗೇ ಸಂಬಂಧಿಸಿದ್ದು. ಪೌರತ್ವದ ಪ್ರಮಾಣವಚನದಲ್ಲಿ ಮೂಲನಿವಾಸಿಗಳ ಹಕ್ಕುಗಳ ಮಾತು 2021ರಲ್ಲಿ ಸೇರಿದ್ದು ಅದರಿಂದಲೇ.

ದೊಡ್ಡವರ ಮಾತಿಗೂ ಕಡಿವಾಣ ಬೇಕು. ಊಟದ ಗೆಟ್‌ಟುಗೆದರ್‌ಗಳಲ್ಲಿ "ಅವರಿಗೆಲ್ಲ ಫ್ರೀ, ಟ್ಯಾಕ್ಸೇ ಇಲ್ಲ" ಅನ್ನೋದು ನಾನು ಬೇಕಾದಷ್ಟು ಸಲ ಕೇಳಿದ್ದೇನೆ. ಸುಮ್ನೆ ಕೂರಬೇಡಿ. ಆ ವಿನಾಯಿತಿ ಇರುವುದು ನೋಂದಾಯಿತ ಫರ್ಸ್ಟ್ ನೇಷನ್ಸ್ ಜನರಿಗೆ, ಅದೂ ಮುಖ್ಯವಾಗಿ ರಿಸರ್ವ್‌ನಲ್ಲಿ ಗಳಿಸಿದ ಹಣಕ್ಕೆ. ಇನುಯಿಟ್, ಮೇಟಿ ಜನ ಎಲ್ಲರ ಹಾಗೇ ಟ್ಯಾಕ್ಸ್ ಕಟ್ಟುತ್ತಾರೆ. 'ರೆಡ್ ಇಂಡಿಯನ್' ಅನ್ನೋದನ್ನಂತೂ ಪೂರ್ತಿ ಬಿಡಿ.

ವಾಟ್ಸಾಪ್‌ನಲ್ಲಿ ಬ್ರಿಟಿಷ್ ಕೊಲಂಬಿಯಾದ ಕ್ಯಾಮ್‌ಲೂಪ್ಸ್ ರೆಸಿಡೆನ್ಶಿಯಲ್ ಶಾಲೆ ಬಗ್ಗೆ ಎರಡು ಥರದ ಫಾರ್ವರ್ಡ್ ಬರುತ್ತವೆ, ನೂರಾರು ಶವ ಸಿಕ್ಕವು ಅಂತ ಒಂದು, ಎಲ್ಲ ಸುಳ್ಳು ಅಂತ ಇನ್ನೊಂದು. ಎರಡನ್ನೂ ಮುಂದೆ ಕಳಿಸಬೇಡಿ. 2021ರ ಮೇ ತಿಂಗಳಲ್ಲಿ ನೆಲದೊಳಗೆ ನೋಡುವ ರಾಡಾರ್ ತೋರಿಸಿದ್ದು ಸಮಾಧಿಗಳಿರಬಹುದಾದ ಜಾಗಗಳನ್ನು, ಯಾರೂ ಶವ ಹೊರತೆಗೆದಿರಲಿಲ್ಲ. ಆದರೆ ಶಾಲೆಗಳಲ್ಲಿ ಮಕ್ಕಳು ಸತ್ತದ್ದಕ್ಕೆ ರಾಡಾರೇ ಬೇಕಾಗಿಲ್ಲ, ದಾಖಲೆಗಳಿವೆ. ವಿನ್ನಿಪೆಗ್‌ನಲ್ಲಿರುವ, ಈ ದಾಖಲೆಗಳನ್ನು ಕಾಪಾಡುವ ಸತ್ಯ ಮತ್ತು ಸಂಧಾನ ರಾಷ್ಟ್ರೀಯ ಕೇಂದ್ರದ ಪಟ್ಟಿಯಲ್ಲಿ 4,000ಕ್ಕೂ ಹೆಚ್ಚು ಹೆಸರುಗಳಿವೆ.

ಆಫೀಸಿನಲ್ಲಿ ಈ ಸಮುದಾಯದವರು ಯಾರಾದರೂ ಇದ್ದರೆ "ನಿಮ್ಮ ಅಪ್ಪ ಅಮ್ಮ ಆ ಶಾಲೆಗೆ ಹೋಗಿದ್ರಾ?" ಅಂತ ಕೇಳಬೇಡಿ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ, ನಮ್ಮ ಬ್ರಿಟಿಷರ ಕಾಲದ ಕಥೆ ಮಧ್ಯೆ ತರಬೇಡಿ. ನರ್ಸ್, ಟೀಚರ್ ಕೆಲಸದಲ್ಲಿರುವವರು 1-866-925-4419 ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಆ ಶಾಲೆಗಳಿಂದ ಬದುಕಿ ಬಂದವರಿಗೂ ಅವರ ಕುಟುಂಬಕ್ಕೂ ಇರುವ ಸಹಾಯವಾಣಿ ಇದು, ದಿನದ 24 ಗಂಟೆಯೂ ಇರುತ್ತದೆ.

ಟೊರೊಂಟೊ, ಮಿಸಿಸಾಗಾ ಕಡೆ ಇದ್ದರೆ ಒಂದು ಶನಿವಾರ ಬ್ರ್ಯಾಂಟ್‌ಫರ್ಡ್‌ಗೆ ಹೋಗಿ ಬನ್ನಿ. 1970ರವರೆಗೆ ನಡೆದ ರೆಸಿಡೆನ್ಶಿಯಲ್ ಶಾಲೆ ಮೊಹಾಕ್ ಇನ್‌ಸ್ಟಿಟ್ಯೂಟ್ ಕಟ್ಟಡ ಅಲ್ಲಿ ಇನ್ನೂ ನಿಂತಿದೆ. ದಿನವೂ ಅದೇ ಗಂಜಿ ಹಾಕುತ್ತಿದ್ದರಿಂದ ಮಕ್ಕಳು ಅದನ್ನು 'ಮಷ್ ಹೋಲ್' ಅನ್ನುತ್ತಿದ್ದರು. ಕೆಡವುವುದು ಬೇಡ, ಸಾಕ್ಷಿಯಾಗಿ ಇರಲಿ ಅಂತ ಆ ಸಮುದಾಯದವರೇ ಉಳಿಸಿಕೊಂಡಿದ್ದಾರೆ. ಪಕ್ಕದ ವುಡ್‌ಲ್ಯಾಂಡ್ ಕಲ್ಚರಲ್ ಸೆಂಟರ್‌ನವರು ನೋಡಿಕೊಳ್ಳುತ್ತಾರೆ. ಹೋಗುವ ಮುಂಚೆ ಅವರ ವೆಬ್‌ಸೈಟ್‌ನಲ್ಲಿ ಸಮಯ ನೋಡಿ, ಮಕ್ಕಳ ವಯಸ್ಸು ಹೇಳಿ ಏನು ತೋರಿಸಬಹುದು ಅಂತ ಕೇಳಿ. ಒಳಗೆ ಸೆಲ್ಫಿ ಬೇಡ. ಮುಂದಿನ ವರ್ಷದ ಶರ್ಟನ್ನು ಇಂಥ ಕಡೆಯಿಂದಲೋ ಮೂಲನಿವಾಸಿಗಳೇ ನಡೆಸುವ ಅಂಗಡಿಯಿಂದಲೋ ಕೊಂಡರೆ ದುಡ್ಡು ಅವರ ಕೈಗೇ ಹೋಗುತ್ತದೆ.