ಈ ಧ್ವನಿ ಎಷ್ಟು ದಿನದಿಂದ ಹೀಗಿದೆ?

ಮೈಸೂರಿನಲ್ಲಿ ನಾನು ಧ್ವನಿ ಮತ್ತು ಮಾತಿನ ತರಗತಿ ನಡೆಸುತ್ತೇನೆ. ನಾಟಕದ ಹುಡುಗರು, ನಿರೂಪಣೆ ಕಲಿಯುವವರು ಬರುತ್ತಾರೆ. ಜಾಸ್ತಿ ಬರುವವರು ಶಾಲೆಯ ಮೇಷ್ಟ್ರು, ಮೇಡಂಗಳು. ಯಾರೇ ಬಂದರೂ ಮೊದಲು ಕೇಳುವುದು ಇದನ್ನೇ: "ಈ ಧ್ವನಿ ಎಷ್ಟು ದಿನದಿಂದ ಹೀಗಿದೆ?"

ಶುರುವಿನಲ್ಲಿ ಹೀಗೆ ಕೇಳುತ್ತಿರಲಿಲ್ಲ. ಆಗ ಒಬ್ಬ ಪ್ರೈಮರಿ ಶಾಲೆ ಮೇಡಂ ಬಂದಿದ್ದರು. ಬೆಳಿಗ್ಗೆ ಹಾಜರಿ ಕೂಗುವಾಗ ಸರಿ ಇರುವ ಗಂಟಲು ಬಿಸಿಯೂಟದ ಹೊತ್ತಿಗೆ ಕಟ್ಟಿಹೋಗುತ್ತಿತ್ತು. "ಏನಾದ್ರೂ ಮಾಡಿ ಸರ್, ಪಾಠ ಮಾಡೋಕೇ ಆಗ್ತಿಲ್ಲ" ಅಂದರು. ನಾನು ಉಸಿರಾಟ ಹೇಳಿಕೊಟ್ಟೆ. ಹಿಂದಿನ ಬೆಂಚಿಗೆ ಕೇಳುವ ಹಾಗೆ ಜೋರಾಗಿ ಓದಿಸಿದೆ. ಮನೆಗೆ ಜ್ಯೇಷ್ಠಮಧು ಕಷಾಯ ಬೇರೆ. ಆರು ವಾರ ಫೀಸು ತಗೊಂಡೆ, ಧ್ವನಿ ಇನ್ನಷ್ಟು ಒಡೆಯಿತು.

ಕೊನೆಗೆ ಅವರ ಅಕ್ಕ ಇಎನ್‌ಟಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಕ್ಯಾಮೆರಾ ಬಿಟ್ಟು ನೋಡಿದರೆ ಎರಡೂ ಧ್ವನಿತಂತುಗಳ ಮೇಲೆ ಸಣ್ಣ ಗಂಟು. ಹೆಂಗಸರು ಮಾತಾಡುವಾಗ ಆ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವೆ. ಊದಿದ ಜಾಗದ ಮೇಲೆ ನಾನು ಇನ್ನೂ ಜೋರಾಗಿ ಬಡಿಸಿದ್ದೆ. ಇನ್ನು ಕಷಾಯ? ಕುಡಿದದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತು ಇರುವುದು ಗಾಳಿ ಹೋಗುವ ದಾರಿಯಲ್ಲಿ. ನೇರವಾಗಿ ತಾಗುವುದೇ ಇಲ್ಲ. ಗೊತ್ತಿದ್ದೂ ಹೇಳಿದ್ದೆ, ಏನೋ ಒಂದು ಕೊಟ್ಟ ಹಾಗಿರಲಿ ಅಂತ.

ಆಪರೇಷನ್ ಬೇಕಾಗಲಿಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಥೆರಪಿ ತಗೊಂಡು ಸುಧಾರಿಸಿಕೊಂಡರು. ಫೀಸು ವಾಪಸ್ ಕೊಡಲು ಹೋದೆ. "ಇರ್ಲಿ ಬಿಡಿ ಸರ್" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಈಗ ಧ್ವನಿ ಎರಡು ವಾರಕ್ಕಿಂತ ಜಾಸ್ತಿ ಒಡೆದಿದ್ದರೆ ಡಾಕ್ಟರಿಗೆ ತೋರಿಸಿ ಬಂದ ಮೇಲೇ ಪಾಠ. ಕೆಲವರು ಬೇಜಾರಾಗಿ ಬೇರೆ ಕಡೆ ಹೋಗುತ್ತಾರೆ. ಹೋಗಲಿ. "ಒಂದು ತಿಂಗಳಲ್ಲಿ ಗಡಸು ಧ್ವನಿ" ಅಂತ ಬೋರ್ಡ್ ಹಾಕುವವರಿಗೆ ಕಡಿಮೆಯೇನಿಲ್ಲ.

ನಾನು ಮಾಡಿದ ಇನ್ನೊಂದು ತಪ್ಪು ಹಕಾರದ್ದು. "ಹಾಲು" ಅನ್ನಲು "ಆಲು" ಅನ್ನುವವರನ್ನು ಹಿಂದೆ ಎಲ್ಲರೆದುರು ತಿದ್ದುತ್ತಿದ್ದೆ. ಒಬ್ಬ ಹುಡುಗ ಹೆದರಿ ಎಲ್ಲಕ್ಕೂ ಹಕಾರ ಸೇರಿಸತೊಡಗಿದ. "ಹಕ್ಕಿ ತೊಳೆದು ಹನ್ನ ಮಾಡಿದೆ" ಅಂದ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಮುಂದಿನ ವಾರ ಅವನು ಬರಲಿಲ್ಲ, ಆಮೇಲೂ ಬರಲಿಲ್ಲ.

ಈಗ ಯಾರ ಮನೆಮಾತನ್ನೂ ತಪ್ಪು ಅನ್ನುವುದಿಲ್ಲ. ಮೈಕ್ ಮುಂದೆ ಬೇಕೆಂದಾಗ ಹಕಾರ ಬಂದರೆ ಸಾಕಲ್ವಾ? ಅಂಗೈಯನ್ನು ಬಾಯಿ ಮುಂದೆ ಹಿಡಿದು "ಅಲ್ಲಿ, ಹಲ್ಲಿ", "ಅಕ್ಕಿ, ಹಕ್ಕಿ" ಅನ್ನಿಸುತ್ತೇನೆ. ಹಕಾರಕ್ಕೆ ಬಿಸಿಯುಸಿರು ಕೈಗೆ ತಾಗುತ್ತದೆ. ಕಿವಿಗೆ ಗೊತ್ತಾಗದ್ದು ಕೈಗೆ ಗೊತ್ತಾಗುತ್ತದೆ.

ಮೊನ್ನೆ ಮಂಡ್ಯ ಕಡೆಯ ಹುಡುಗನೊಬ್ಬ ಇಡೀ ಒಂದು ಪುಟವನ್ನು ಒಂದೂ ಹಕಾರ ಬಿಡದೆ ಓದಿದ. ತರಗತಿ ಮುಗಿಸಿ ಮೆಟ್ಟಿಲಿಳಿಯುತ್ತಾ ಫೋನ್ ಮಾಡಿದ: "ಅವ್ವೋ, ಇಟ್ಟು ಮಾಡ್ಬುಡು, ಬತ್ತಾ ಇವ್ನಿ." ನಾನು ಸುಮ್ನೆ ಬಾಗಿಲು ಹಾಕಿಕೊಂಡೆ.