ತೀರಿಕೊಂಡ ಸಹಪಾಠಿಯ ಬಗ್ಗೆ ಒಂದು ಪುಟ ಬರೆಯುವುದು ಹೇಗೆ

ಮೊದಲು ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ನಮ್ಮ ಎಂ.ಎ. ಅರ್ಥಶಾಸ್ತ್ರದ ಬ್ಯಾಚ್ ಮುಗಿದದ್ದು 1987ರಲ್ಲಿ. 34 ಜನ ಇದ್ದೆವು, ಅದರಲ್ಲಿ ಮೂವರು ಶರಣಬಸಪ್ಪ. ಕಲಬುರಗಿ ಕಡೆ ಇದೇನು ಹೊಸದಲ್ಲ, ಶರಣಬಸವೇಶ್ವರ ಅಪ್ಪನ ಗುಡಿ ಇರುವ ಊರು. ಒಬ್ಬ ತೀರಿಕೊಂಡ ಸುದ್ದಿ ಬಂದಾಗ ನಾನು ಅವಸರದಲ್ಲಿ ಇನ್ನೊಬ್ಬನ ಫೋಟೊಗೆ ಹಾರ ಹಾಕಿ ವಾಟ್ಸಾಪ್ ಗ್ರೂಪಿಗೆ ಬಿಟ್ಟೆ. ಅರ್ಧ ಗಂಟೆಗೆ ಅಫಜಲಪುರದಿಂದ ಫೋನು ಬಂತು. ‘ಏ, ನಾ ಇನ್ನಾ ಇದ್ದೀನೋ ಮಾರಾಯ, ಹೊಲದಾಗ ತೊಗರಿ ರಾಶಿ ಮಾಡ್ಲತ್ತೀನಿ!’

ಅಂದಿನಿಂದ ಒಂದು ಲಾಂಗ್ ನೋಟ್‌ಬುಕ್ ಇಟ್ಟಿದ್ದೇನೆ. ಒಬ್ಬರಿಗೆ ಒಂದು ಪುಟ. ಒಂಬತ್ತು ಪುಟ ತುಂಬಿವೆ. ನೀವೂ ನಿಮ್ಮ ಬ್ಯಾಚಿಗೆ ಇಂಥದ್ದು ಮಾಡಬೇಕೆಂದರೆ, ನಾನು ಎಡವಿ ಕಲಿತದ್ದು ಇಷ್ಟು.

ಹೆಸರು ಒಂದೇ ಸಾಲದು. ತಂದೆಯ ಹೆಸರು, ಊರು, ವಿಷಯ, ಪಾಸಾದ ವರ್ಷ ನಾಲ್ಕೂ ಕೂಡಿದರೆ ಮಾತ್ರ ಮನುಷ್ಯ ಸಿಗುತ್ತಾನೆ. ಸಾವಿನ ಸುದ್ದಿಯನ್ನು ಮನೆಯವರಿಂದಲೇ ಖಚಿತ ಮಾಡಿಕೊಳ್ಳಿ, ಗ್ರೂಪಿನಿಂದಲ್ಲ. ಹುಟ್ಟಿದ ದಿನದ ಬಗ್ಗೆಯೂ ಎಚ್ಚರ. ನಮ್ಮ ಕಾಲದವರ ಮಾರ್ಕ್ಸ್ ಕಾರ್ಡ್ ತೆಗೆದರೆ ಎಷ್ಟೋ ಜನ ಹುಟ್ಟಿದ್ದು ಜೂನ್ 1! ಶಾಲೆಗೆ ಸೇರಿಸುವಾಗ ಮಾಸ್ತರು ಬರೆದುಕೊಂಡ ದಿನ ಅದು. ಅವ್ವ ‘ಶ್ರಾವಣದಾಗ ಹುಟ್ಯಾನ’ ಅಂದಿದ್ದರೆ ಅದನ್ನೇ ಬರೆಯಿರಿ.

ಪದವಿಯ ವಿಷಯದಲ್ಲೂ ಗೊಂದಲ ಆಗುತ್ತದೆ. ನಮ್ಮ ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ. ಅದಕ್ಕೂ ಮುಂಚೆ ಇಲ್ಲಿದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಹಾಗಾಗಿ 1975ರಲ್ಲಿ ಇಲ್ಲೇ ಓದಿದ ಹಿರಿಯರ ಪದವಿ ಪತ್ರದಲ್ಲಿ ಧಾರವಾಡದ ಹೆಸರು ಇದ್ದರೆ ಅದು ತಪ್ಪಲ್ಲ. ಇನ್ನೂ ಹಿಂದಿನವರು ಹೈದರಾಬಾದಿನ ಉಸ್ಮಾನಿಯಾದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಅಂಥ ಕಾಗದ ಸಿಕ್ಕರೆ ಊಹೆ ಮಾಡಬೇಡಿ, ಉರ್ದು ಬಲ್ಲವರ ಹತ್ತಿರ ಓದಿಸಿ. ಕಲಬುರಗಿಯಲ್ಲಿ ಅವರಿಗೇನು ಬರವೇ? ಹಾಗೆಯೇ 2014ರಲ್ಲಿ ಊರಿನ ಹೆಸರು ಕಲಬುರಗಿ ಆಯಿತು ಎಂದು ಹಳೆಯ ಪದವಿ ಪತ್ರದ ‘ಗುಲಬರ್ಗಾ’ ಹೆಸರನ್ನು ತಿದ್ದಲು ಹೋಗಬೇಡಿ.

ಈಗ ಮುಖ್ಯ ಕೆಲಸ. ಮನೆಗೆ ಹೋಗಿ. ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ಹೋಗಿ, ಮನೆ ಖಾಲಿ ಅನಿಸುವುದು ಆಗಲೇ. ‘ಅವರ ಬಗ್ಗೆ ಏನಾದರೂ ಹೇಳಿ’ ಎಂದು ಕೇಳಿದರೆ ‘ಭಾಳ ಛಲೋ ಇದ್ರು’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ‘ಓದುವ ಕಾಲದ ಸಾಮಾನು ಏನಾದರೂ ಉಳಿದಿದೆಯಾ?’ ಎಂದು ಕೇಳಿ.

ಚಿಂಚೋಳಿಯ ಗೆಳೆಯನ ಮನೆಯಲ್ಲಿ ನಾನು ಹಾಗೆ ಕೇಳಿದಾಗ ಅವನ ಹೆಂಡತಿ ಅಟ್ಟದಿಂದ ತಗಡಿನ ಟ್ರಂಕು ಇಳಿಸಿದರು. ಮೇಲೆ ಹಾಲ್ ಟಿಕೆಟ್, ಸುರುಳಿ ಸುತ್ತಿದ ಪದವಿ ಪತ್ರ. ತಳದಲ್ಲಿ ಕೈಯಗಲದ ಒಂದು ಲೆಕ್ಕದ ಪುಸ್ತಕ. ಕಲಬುರಗಿಯ ಬ್ರಹ್ಮಪುರದ ಬಾಡಿಗೆ ಖೋಲಿಯಲ್ಲಿ ನಾವು ನಾಲ್ವರು ಇದ್ದೆವು. ಅವನ ಅವ್ವ ವಾರಕ್ಕೊಮ್ಮೆ ಬಿಳಿ ಬಟ್ಟೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದಳು. ಆ ಪುಸ್ತಕದಲ್ಲಿ ಇದ್ದದ್ದು ರೊಟ್ಟಿಯ ಲೆಕ್ಕ. ಯಾರು ಎಷ್ಟು ತಿಂದರು ಎಂದು ದಿನಾ ಬರೆದಿದ್ದಾನೆ. ಒಂದು ಗುರುವಾರ ನನ್ನ ಹೆಸರಿನ ಮುಂದೆ 11, ಅದರ ಕೆಳಗೆ ಎರಡು ಗೀಟು. ಅವನ ಹೆಂಡತಿ ಅದನ್ನು ಓದಿ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ‘ನಮ್ಮ ಮನಿಯಾಗೂ ಹಿಂಗೇ ಎಣಸ್ತಿದ್ರು’ ಅಂದರು.

ಅವನ ಪುಟ ಆ 11 ರೊಟ್ಟಿಯಿಂದಲೇ ಶುರುವಾಗುತ್ತದೆ. ‘ಸರಳ ಸಜ್ಜನ’, ‘ತುಂಬಲಾರದ ನಷ್ಟ’ ಎಂದು ಬರೆಯಬೇಡಿ. ಆ ಮಾತನ್ನು ಯಾರ ಫೋಟೊ ಕೆಳಗೆ ಬೇಕಾದರೂ ಅಂಟಿಸಬಹುದು. ಬೇರೆ ಯಾರಿಗೂ ಹೊಂದದ ಒಂದು ಸಂಗತಿ ಸಿಗುವವರೆಗೆ ಪೆನ್ನು ಮುಟ್ಟಬೇಡಿ.

ಹೆಣ್ಣುಮಕ್ಕಳನ್ನು ಹುಡುಕುವುದು ಜಾಸ್ತಿ ಕಷ್ಟ. ಮದುವೆಯಾಗಿ ಅಡ್ಡಹೆಸರು ಬದಲಾಗಿರುತ್ತದೆ, ಊರು ಬದಲಾಗಿರುತ್ತದೆ, ಕೆಲವು ಕಡೆ ಗಂಡನ ಮನೆಯಲ್ಲಿ ಹೆಸರನ್ನೇ ಬದಲಿಸಿರುತ್ತಾರೆ. ಎರಡೂ ಹೆಸರು ಬರೆಯಿರಿ, ತವರಿನ ಹೆಸರು ಮೊದಲು. ಯಾದಗಿರಿಯ ಒಬ್ಬ ಗೆಳತಿಯ ಮಗನಿಗೆ ತಾಯಿ ಎಂ.ಎ. ಓದಿದ್ದೇ ಗೊತ್ತಿರಲಿಲ್ಲ. ನಾನು ಕಳಿಸಿದ ಗ್ರೂಪ್ ಫೋಟೊ ನೋಡಿ ‘ಅವ್ವ ಕನ್ನಡಕ ಹಾಕ್ತಿದ್ಳಾ?’ ಎಂದು ಕೇಳಿದ.

ನೌಕರಿ ಸಿಗದವರ ಪುಟವನ್ನು ಮೊಟಕು ಮಾಡಬೇಡಿ. ಸಾವಿನ ಕಾರಣ, ಸಾಲ, ಮನೆಯ ಜಗಳ ಇವು ಮನೆಯವರು ಬರೆಯಿರಿ ಅಂದರೆ ಮಾತ್ರ. ಬರೆದು ಮುಗಿದ ಮೇಲೆ ಅವರ ಎದುರು ಜೋರಾಗಿ ಓದಿ. ಅವರು ಬೇಡ ಎಂದ ಸಾಲನ್ನು ಅಲ್ಲೇ ಹೊಡೆದುಹಾಕಿ, ವಾದಿಸಬೇಡಿ. ಒಂದು ಪ್ರತಿಯನ್ನು ಕಾಗದದ ಮೇಲೆ ಅವರಿಗೆ ಕೊಡಿ. ಫೋನ್ ಬದಲಾದರೆ ವಾಟ್ಸಾಪಿನದು ಹೋದಂತೆಯೇ.

ಬದುಕಿರುವವರ ಪುಟವನ್ನೂ ಈಗಲೇ ಶುರು ಮಾಡಿ. ಈ ಮಾತು ನನ್ನದಲ್ಲ, ಆ ಅಫಜಲಪುರದ ಶರಣಬಸಪ್ಪನದು. ತೊಗರಿ ಮಾರಿದ ಮೇಲೆ ಒಂದು ದಿನ ಮನೆಗೇ ಬಂದ. ‘ನನ್ನ ಪುಟ ತೋರ್ಸು’ ಅಂದ. ಕನ್ನಡಕ ಏರಿಸಿ ಓದಿದ, ಪೆನ್ನು ಕೇಳಿದ, ಮೂರು ಕಡೆ ತಿದ್ದಿದ. ಎರಡು ಕಡೆ ಅವನು ಹೇಳಿದ್ದು ಸರಿ. ಮೂರನೆಯದು ಸೆಕೆಂಡ್ ಕ್ಲಾಸನ್ನು ಫಸ್ಟ್ ಕ್ಲಾಸ್ ಮಾಡಿದ್ದು. ಮಾರ್ಕ್ಸ್ ಕಾರ್ಡ್ ತಂದು ತೋರಿಸು ಎಂದಿದ್ದೇನೆ, ಇನ್ನೂ ತಂದಿಲ್ಲ.