‘ಟು’ ಹೇಳಿ ನಿಲ್ಲಬೇಡಿ

“ಐ ಆ್ಯಮ್ ಫ್ರಮ್... ಕಾರ್ಕಳ ಆ್ಯಂಡ್ ಮೈ... ಫಾದರ್ ಈಸ್ ಅ... ಫಾರ್ಮರ್ ಇನ್... ಅವರ್ ವಿಲೇಜ್.”

ನರ್ಸಿಂಗ್ ಮುಗಿಸಿ ಸಂದರ್ಶನಕ್ಕೆ ತಯಾರಾಗುತ್ತಿದ್ದ ಹುಡುಗಿ ತನ್ನ ಪರಿಚಯ ಹೇಳಿಕೊಂಡದ್ದು ಹೀಗೆ. ಒಂದು ಪದವೂ ತಪ್ಪಿಲ್ಲ, ಉಚ್ಚಾರವೂ ಚೆನ್ನಾಗಿದೆ. ಆದರೂ ಕೇಳುತ್ತಿದ್ದ ನನಗೆ ಅನ್ನದಲ್ಲಿ ತುತ್ತಿಗೊಂದು ಕಲ್ಲು ಸಿಕ್ಕಂತೆ. “ಗ್ರಾಮರ್ ಎಲ್ಲ ಸರಿ ಉಂಟಲ್ಲ ಮೇಡಂ, ಮತ್ತೆ ಎಂತ ಆದದ್ದು?” ಎಂದು ಕೇಳಿದಳು. ಆದದ್ದು ಇಷ್ಟೇ. ಮೇಲೆ ಚುಕ್ಕೆ ಇಟ್ಟಲ್ಲೆಲ್ಲ ಅವಳು ನಿಂತಿದ್ದಳು. ನಿಲ್ಲಬೇಕಾದ ಕಡೆ ಒಮ್ಮೆಯೂ ನಿಂತಿರಲಿಲ್ಲ.

ಉಡುಪಿಯಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುವ ಸಂಜೆ ತರಗತಿ ನಡೆಸುವ ನಾನು ಇದನ್ನು ದಿನಾ ಕೇಳುತ್ತೇನೆ. ವ್ಯಾಕರಣ ತಿದ್ದಿಕೊಳ್ಳಿ, ದಿನಕ್ಕೆ ಹತ್ತು ಹೊಸ ಪದ ಕಲಿಯಿರಿ ಎನ್ನುವವರು ಬೇಕಾದಷ್ಟಿದ್ದಾರೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಹೇಳಿಕೊಡುವವರು ಕಡಿಮೆ.

ಹಂತ 1: ನಿಮ್ಮದೇ ಎಂಟು ಸಾಲು

ಊರು, ಮನೆ, ಓದು, ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಎಂಟು ವಾಕ್ಯಗಳನ್ನು ಹಾಳೆಯ ಮೇಲೆ ಬರೆಯಿರಿ. ಪಕ್ಕದಲ್ಲಿ ಪೆನ್ಸಿಲ್ ಇರಲಿ.

ಹಂತ 2: ಚೆಂಡು ಕಟ್ಟುವುದು

ಎಡವುವುದೆಲ್ಲ ಇಲ್ಲಿಯೇ, ಹಾಗಾಗಿ ಇದನ್ನು ನಿಧಾನವಾಗಿ ಓದಿ.

ನಮ್ಮ ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯನ್ನು ಬಿಡಿ ಹೂವಿನ ಲೆಕ್ಕದಲ್ಲಿ ಯಾರೂ ಕೇಳುವುದಿಲ್ಲ. ಬಾಳೆನಾರಿನಲ್ಲಿ ಕಟ್ಟಿದರೆ ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಇಂಗ್ಲಿಷ್ ವಾಕ್ಯವೂ ಅಟ್ಟೆಯೇ. ಒಂದು ಚೆಂಡಿಗೂ ಇನ್ನೊಂದಕ್ಕೂ ನಡುವೆ ಬೇಕಾದರೆ ನಿಲ್ಲಬಹುದು, ಚೆಂಡಿನ ಒಳಗೆ ನಿಲ್ಲುವಂತಿಲ್ಲ. ಚೆಂಡು ಎಲ್ಲಿ ಮುಗಿಯುತ್ತದೋ ಅಲ್ಲಿ ಪೆನ್ಸಿಲಿನಿಂದ ಒಂದು ಓರೆ ಗೆರೆ ಎಳೆಯಿರಿ.

ಆದರೆ ಕನ್ನಡ, ತುಳು, ಕೊಂಕಣಿ ಮಾತಾಡಿ ಬೆಳೆದ ನಾವು ಗೆರೆಯನ್ನು ಒಂದು ಪದದಷ್ಟು ಮುಂದೆ ಎಳೆಯುತ್ತೇವೆ. ‘ಕಾರ್ಕಳದಿಂದ’, ‘ಬ್ಯಾಂಕಿಗೆ’, ‘ಪೇಟೆಯಲ್ಲಿ’ ಇವನ್ನೇ ನೋಡಿ. ನಮ್ಮಲ್ಲಿ ಸಣ್ಣ ತುಣುಕು ದೊಡ್ಡ ಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ. ‘ಇಂದ’ ಅನ್ನುವ ಹೊತ್ತಿಗೆ ಊರಿನ ಹೆಸರು ಬಾಯಿಂದ ಹೊರಗೆ ಬಂದಾಗಿದೆ, ಹುಡುಕಾಟ ಮುಗಿದಿದೆ. ಇಂಗ್ಲಿಷಿನಲ್ಲಿ ಅದು ಉಲ್ಟಾ. ಫ್ರಮ್, ಟು, ಇನ್, ಆಫ್, ದ, ಅ, ಮೈ ಎಲ್ಲವೂ ಮುಂದೆ ಬರುತ್ತವೆ. ಸಣ್ಣ ಪದ ಪುಕ್ಕಟೆಯಾಗಿ ನಾಲಿಗೆಗೆ ಬಂದುಬಿಡುತ್ತದೆ, ದೊಡ್ಡ ಪದವನ್ನು ಆಮೇಲೆ ಹುಡುಕುತ್ತೇವೆ. ಹುಡುಕುವಷ್ಟು ಹೊತ್ತು ಮೌನ. ಸಣ್ಣ ಪದ ಹಿಂದಿನ ಚೆಂಡಿನ ಬಾಲವಾಗಿ ನೇತಾಡುತ್ತದೆ.

ಹಾಗಾದರೆ ಗೆರೆ ಬೀಳುವುದಿದ್ದರೆ ಸಣ್ಣ ಪದಕ್ಕಿಂತ ಮೊದಲು ಬೀಳಬೇಕು, ಅದು ಆದಮೇಲೆ ಅಲ್ಲ:

ಐ ಆ್ಯಮ್ ಫ್ರಮ್ ಕಾರ್ಕಳ / ಆ್ಯಂಡ್ ಮೈ ಫಾದರ್ ಈಸ್ ಅ ಫಾರ್ಮರ್ / ಇನ್ ಅವರ್ ವಿಲೇಜ್.

ದ ಬಸ್ ಫ್ರಮ್ ಕುಂದಾಪುರ / ವಾಸ್ ಲೇಟ್ / ಬಿಕಾಸ್ ಆಫ್ ದ ರೈನ್.

‘ದಟ್’ ಪದದ ಕಥೆಯೂ ಇದೇ. ‘ಬಸ್ ತಡ ಆಗ್ತದೆ ಅಂತ, ಕಂಡಕ್ಟರ್ ಹೇಳಿದ್ರು’ ಎನ್ನುವಾಗ ನಾವು ‘ಅಂತ’ ಆದಮೇಲೆ ನಿಲ್ಲುತ್ತೇವೆ, ಅದು ಸರಿ. ಆ ಅಭ್ಯಾಸವನ್ನೇ ಇಂಗ್ಲಿಷಿಗೂ ಕೊಂಡುಹೋಗಿ ‘ದ ಕಂಡಕ್ಟರ್ ಸೆಡ್ ದಟ್...’ ಎಂದು ನಿಂತರೆ ಕೇಳುವವರು ಅರ್ಧ ಹತ್ತಿದ ಮೆಟ್ಟಿಲಲ್ಲಿ ಕಾಯಬೇಕು. ‘ದ ಕಂಡಕ್ಟರ್ ಸೆಡ್ / ದಟ್ ದ ಬಸ್ ವುಡ್ ಬಿ ಲೇಟ್’ ಎನ್ನಿ. ಬಿಕಾಸ್, ಇಫ್, ವೆನ್, ಆ್ಯಂಡ್, ಬಟ್ ಇವಕ್ಕೂ ಇದೇ ನಿಯಮ. ಇವು ಮುಂದಿನ ಚೆಂಡಿನ ಮೊದಲ ಹೂವುಗಳು.

ಅಲ್ಪವಿರಾಮ ಇದ್ದಲ್ಲಿ ನಿಂತರೆ ಸಾಲದೇ ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ. ಸಾಲದು. ‘ಯೆಸ್, ಸರ್’ ಎಂದು ಬರೆಯುವಾಗ ಅಲ್ಪವಿರಾಮ ಇದೆ, ಹೇಳುವಾಗ ಯಾರೂ ನಿಲ್ಲುವುದಿಲ್ಲ. ‘ದ ಮ್ಯಾನ್ ಹೂ ಸೋಲ್ಡ್ ಮಿ ದಿಸ್ ಫೋನ್ / ಹ್ಯಾಸ್ ಕ್ಲೋಸ್ಡ್ ಹಿಸ್ ಶಾಪ್’ ಎಂಬಲ್ಲಿ ಅಲ್ಪವಿರಾಮ ಹಾಕಿದರೆ ತಪ್ಪು, ನಿಲ್ಲದಿದ್ದರೆ ಉಸಿರು ಕಟ್ಟುತ್ತದೆ.

ನಿಂತದ್ದರಿಂದ ಅರ್ಥವೇ ಬದಲಾಗುವುದೂ ಉಂಟು. ನಮ್ಮಲ್ಲಿ ಮನೆಗೊಬ್ಬರು ಗಲ್ಫ್‌ನಲ್ಲಿರುವುದರಿಂದ ಈ ವಾಕ್ಯ ಎಲ್ಲರಿಗೂ ಬೇಕಾಗುತ್ತದೆ. ‘ಮೈ ಬ್ರದರ್ / ಹೂ ವರ್ಕ್ಸ್ ಇನ್ ದುಬೈ / ಈಸ್ ಗೆಟಿಂಗ್ ಮ್ಯಾರೀಡ್’ ಎಂದು ಎರಡು ಕಡೆ ನಿಂತರೆ ನಿಮಗಿರುವುದು ಒಬ್ಬನೇ ಅಣ್ಣ, ದುಬೈಯ ಮಾತು ಬರೀ ಹೆಚ್ಚಿನ ಮಾಹಿತಿ. ‘ಬ್ರದರ್’ ಆದಮೇಲೆ ನಿಲ್ಲದೆ ಹೇಳಿದರೆ, ಇರುವ ಅಣ್ಣಂದಿರಲ್ಲಿ ದುಬೈಯವನಿಗೆ ಮದುವೆ. ಕನ್ನಡದ ‘ದುಬೈಯಲ್ಲಿರುವ ಅಣ್ಣ’ ಎಂಬ ಮಾತು ಎರಡಕ್ಕೂ ನಡೆಯುತ್ತದೆ. ಅದಕ್ಕೇ ಈ ವ್ಯತ್ಯಾಸ ನಮ್ಮ ಕಿವಿಗೆ ಬೀಳುವುದಿಲ್ಲ.

ಮಾತಿನ ಮಧ್ಯೆ ನಿಜವಾಗಿಯೂ ಪದ ಸಿಗದಿದ್ದರೆ? ‘ಐ ವೆಂಟ್ ಟು ದ...’ ಎಂದು ಸಿಕ್ಕಿಬಿದ್ದರೆ ಅಲ್ಲಿಂದಲೇ ಮುಂದುವರಿಸಬೇಡಿ. ಪದ ಸಿಕ್ಕಿದ ಮೇಲೆ ಚೆಂಡಿನ ಬುಡಕ್ಕೆ ಹೋಗಿ ‘ಟು ದ ಪಾಸ್‌ಪೋರ್ಟ್ ಆಫೀಸ್’ ಎಂದು ಇಡಿಯಾಗಿ ಹೇಳಿ. ಇಂಗ್ಲಿಷ್ ಮನೆಮಾತಾದವರೂ ಪದ ಹುಡುಕುವಾಗ ‘ದೀ...’ ಎಂದು ಎಳೆಯುತ್ತಾರೆ, ಅದೇನೂ ಅವಮಾನವಲ್ಲ. ಪ್ರತಿ ವಾಕ್ಯದಲ್ಲೂ ಎಳೆದರೆ ಮಾತ್ರ ತೊಂದರೆ.

ಒಂದು ಚೆಂಡಿಗೆ ಎಷ್ಟು ಪದ? ಕಲಿಯುವವರಿಗೆ ಮೂರರಿಂದ ಆರು ಎಂಬುದು ನನ್ನ ಲೆಕ್ಕ. ರೂಢಿಯಾದ ಮೇಲೆ ಚೆಂಡು ತಾನಾಗಿ ದೊಡ್ಡದಾಗುತ್ತದೆ.

ಹಂತ 3: ನಾರು ಬಿಗಿಯುವುದು

ಗೆರೆ ಸರಿಯಾಗಿ ಎಳೆದೂ ಒಳಗಿನ ಪದಗಳನ್ನು ಒಂದೊಂದಾಗಿ ಕುಟ್ಟಿದರೆ ಪ್ರಯೋಜನವಿಲ್ಲ. ಹೈಸ್ಕೂಲಿನ ಸಂಧಿ ಪಾಠ ನೆನಪಿಸಿಕೊಳ್ಳಿ. ಮನೆ ಮತ್ತು ಅಲ್ಲಿ ಸೇರಿದರೆ ಮನೆಯಲ್ಲಿ, ನಡುವೆ ಯಕಾರ ಬಂತು. ಗುರು ಮತ್ತು ಅನ್ನು ಸೇರಿದರೆ ಗುರುವನ್ನು, ಅಲ್ಲಿ ವಕಾರ. ಇಂಗ್ಲಿಷ್ ಬಾಯಿಯೂ ಇದನ್ನೇ ಮಾಡುತ್ತದೆ. ‘ಸೀ ಇಟ್’ ಎಂಬುದು ಸೀಯಿಟ್, ‘ಗೋ ಔಟ್’ ಎಂಬುದು ಗೋವೌಟ್, ‘ಪಿಕ್ ಇಟ್ ಅಪ್’ ಎಂಬುದು ಪಿಕಿಟಪ್. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ನಾವು ಅಲ್ಲೊಂದು ಉಕಾರ ಸೇರಿಸಿ ‘ಪಿಕ್ಕು ಇಟ್ಟು ಅಪ್ಪು’ ಮಾಡುತ್ತೇವೆ. ಹಾಗೆ ಮಾಡಿದರೆ ಮೂರು ಕಡೆ ನಿಂತಂತೆಯೇ. ಉಕಾರ ಬಿಟ್ಟರೆ ಸಂಧಿ ತಾನಾಗಿ ಆಗುತ್ತದೆ.

ಸಣ್ಣ ಪದಗಳನ್ನು ಮೆತ್ತಗೆ ಹೇಳಿ. ‘ಟು’ ಬಹುತೇಕ ‘ಟ’, ‘ಆಫ್’ ಬಹುತೇಕ ‘ಅವ್’. ಚೆಂಡಿನ ಕೊನೆಯ ದೊಡ್ಡ ಪದಕ್ಕೆ ಸ್ವಲ್ಪ ಒತ್ತು, ಸ್ವಲ್ಪ ಉದ್ದ ಕೊಡಿ.

ಇಲ್ಲಿ ಒಂದು ಎಚ್ಚರಿಕೆ. ಬಸ್ ಸ್ಟ್ಯಾಂಡಿನಲ್ಲಿ ಮಾರುವ ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಮಾದರಿಯ ಪುಸ್ತಕಗಳು ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಕನ್ನಡದಲ್ಲಿ ಬರೆದು ಕಲಿಸುತ್ತವೆ. ಪದ ಕಲಿಯಲು ಸರಿ, ಮಾತು ಕಲಿಯಲು ದಂಡ. ಉಚ್ಚಾರಕ್ಕೆ ಅಂಕ ಕೊಡುವ ಮೊಬೈಲ್ ಆ್ಯಪ್ ಒಂದನ್ನೂ ನೋಡಿದೆ. ಪದಕ್ಕೊಮ್ಮೆ ನಿಂತು ನಿಂತು ಓದಿದ ಹುಡುಗನಿಗೆ ಅದು ಪ್ರತಿ ಪದಕ್ಕೂ ಹಸಿರು ಬಣ್ಣ ತೋರಿಸಿತು! ವಿಡಿಯೊದ ವೇಗವನ್ನು ಮುಕ್ಕಾಲಿಗೆ ಇಳಿಸಿ ಕೇಳುವುದೂ ಬೇಡ. ಮೌನದ ಜೊತೆಗೆ ಪದವೂ ರಬ್ಬರಿನಂತೆ ಎಳೆದುಕೊಂಡು, ನಿಜವಾಗಿ ಎಲ್ಲಿ ನಿಂತರೆಂಬುದು ಗೊತ್ತಾಗುವುದಿಲ್ಲ. ಅದರ ಬದಲು ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಕೇಳಿ. ಟಿವಿ ಚರ್ಚೆ ನಡೆಸುವವರನ್ನು ಮಾತ್ರ ಅನುಕರಿಸಬೇಡಿ, ಮಾರಾಯ್ರೇ.

ಹಂತ 4: ನಿಂತಾಗ ಸುಮ್ಮನಿರಿ

ಗೆರೆ ಬಂದಲ್ಲಿ ಬಾಯಿ ಮುಚ್ಚಿ. ‘ಆಕ್ಚುವಲಿ’, ‘ಬೇಸಿಕಲಿ’, ‘ಆಆ’ ಯಾವುದೂ ಬೇಡ. ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದ ಮಾತಿನ ಯಕ್ಷಗಾನ, ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದರಲ್ಲಿ ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ ಒಂದು ಮಾತು ಇಟ್ಟು ಸುಮ್ಮನಾದಾಗ ಸಭೆ ಅವರ ಬಾಯಿಯನ್ನೇ ನೋಡುತ್ತದೆ. ನಮಗೆ ಅಷ್ಟು ಹೊತ್ತು ಬೇಡ, ಅರ್ಧ ಉಸಿರು ಸಾಕು. ವಾಕ್ಯ ಮುಗಿದಾಗ ಪೂರ್ತಿ ಒಂದು ಉಸಿರು. ಮಧ್ಯದ ಗೆರೆಯಲ್ಲಿ ದನಿಯನ್ನು ಪೂರ್ತಿ ಇಳಿಸಬೇಡಿ, ಮಾತು ಮುಗಿಯಿತೆಂದುಕೊಂಡು ಸಂದರ್ಶಕರು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಪ್ರತಿ ಗೆರೆಯಲ್ಲೂ ‘ಅಲ್ವಾ?’ ಎಂಬಂತೆ ಏರಿಸುವುದೂ ಬೇಡ. ಪ್ರಶ್ನೆ ಕೇಳಿದ ಕೂಡಲೇ ಹಾರಿ ಬೀಳದೆ ಆಗಲೂ ಒಂದು ಉಸಿರು ತೆಗೆದುಕೊಳ್ಳಿ.

ಫೋನ್ ನಂಬರಿನ 10 ಅಂಕಿಗಳನ್ನು ಐದೈದಾಗಿ ಒಡೆಯಿರಿ.

ಹಂತ 5: ರೆಕಾರ್ಡ್ ಮಾಡಿ

ಕನ್ನಡಿ ಮುಂದೆ ಮಾತಾಡಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕನ್ನಡಿಯಲ್ಲಿ ಮುಖ ಕಾಣುತ್ತದೆ, ಮೌನ ಕೇಳುವುದಿಲ್ಲ. ಮೊಬೈಲಿನಲ್ಲಿ ದನಿ ರೆಕಾರ್ಡ್ ಮಾಡಿ, ಹಾಳೆ ಹಿಡಿದು ಕೇಳಿ, ಗೆರೆ ಇಲ್ಲದಲ್ಲಿ ನಿಂತಿದ್ದರೆ ಅಲ್ಲಿ ಸೊನ್ನೆ ಸುತ್ತಿ. ಕಾರ್ಕಳದ ಹುಡುಗಿಯ ಹಾಳೆಯಲ್ಲಿ ಮೊದಲ ದಿನ ಹದಿನಾಲ್ಕು ಸೊನ್ನೆಗಳಿದ್ದವು. ಒಂದು ವಾರದ ಮೇಲೆ ಉಳಿದದ್ದು ಎರಡು, ಎರಡೂ ‘ದಟ್’ ಆದಮೇಲೆ. ಆ ಎರಡು ಸಾಲನ್ನು ಮಾತ್ರ ಮತ್ತೆ ಹೇಳಿಸಿದೆ. ಸೊನ್ನೆ ಎರಡಕ್ಕೆ ಇಳಿದ ಮೇಲೆ ಪೆನ್ಸಿಲ್ ಗೆರೆಗಳನ್ನೆಲ್ಲ ಅಳಿಸಿ, ಬರೀ ಹಾಳೆ ನೋಡಿ ಹೇಳಿ. ಪೆನ್ನಿನಲ್ಲಿ ಗೆರೆ ಹಾಕಿ ಕೆಡಿಸಿಕೊಂಡವರು ಎಂಟು ಸಾಲನ್ನೂ ಮತ್ತೆ ಬರೆಯಬೇಕು.